ಒಂಬತ್ತಕ್ಕೇ ಹೊರಟ ಅಜ್ಜ

ರೈಲಿಗೆ ಎರಡು ಗಂಟೆ ಮೊದಲೇ ಸ್ಟೇಷನ್ನಿನಲ್ಲಿರುವುದು ನನ್ನ ಹಳೆಯ ಚಾಳಿ. ಅಮೆರಿಕದಲ್ಲಿರುವ ಮಗ ಮಯಾಮಿಯಿಂದ ಹಡಗಿನ ಪ್ರವಾಸಕ್ಕೆ ಕರೆದೊಯ್ದಾಗಲೂ ಅದೇ ಹಟ ಹಿಡಿದೆ. ನಮಗೆ ಕೊಟ್ಟಿದ್ದ ಸಮಯ ಮಧ್ಯಾಹ್ನ 1 ಗಂಟೆ. ನಾನು ಬೆಳಿಗ್ಗೆ 9ಕ್ಕೇ ಎಲ್ಲರನ್ನೂ ಹೊರಡಿಸಿದೆ.

ಬಂದರಿನಲ್ಲಿ ಜಾತ್ರೆಯೋ ಜಾತ್ರೆ! "ಅಜ್ಜ, ಇದೇ ಹಡಗು ಈಗಷ್ಟೇ ಹಿಂದಿನ ಪ್ರವಾಸ ಮುಗಿಸಿ ಬಂದಿದೆ. ಸಾವಿರಾರು ಜನ ಇಳಿಯಬೇಕು, ಅವರ ಪೆಟ್ಟಿಗೆ ಇಳಿಯಬೇಕು, ಕೋಣೆಗಳ ಹಾಸಿಗೆ ಬದಲಾಗಬೇಕು, ದಿನಸಿ ಏರಬೇಕು. ಆಮೇಲಷ್ಟೇ ನಾವು," ಎಂದಳು ಮೊಮ್ಮಗಳು. ನನ್ನಂಥ ಅವಸರದವರ ಸಾಲು ಬಾಗಿಲು ದಾಟಿ ಬಿಸಿಲಿಗೂ ಬೆಳೆದಿತ್ತು. ಮಂಡಿನೋವಿನ ನನ್ನವಳು ಏನೂ ಹೇಳದೆ ಪೆಟ್ಟಿಗೆಯ ಹಿಡಿಗೆ ಆತು ನಿಂತಳು. ಬೈದಿದ್ದರೇ ವಾಸಿಯಿತ್ತು. ಕೊನೆಗೆ ಮಗ ಗಾಲಿಕುರ್ಚಿ ಕೇಳಿ ತಂದ.

ನಮ್ಮನ್ನು ಕರೆದದ್ದು 1 ಗಂಟೆಗೇ. ಅಷ್ಟರಲ್ಲಿ ಸಾಲು ಕರಗಿತ್ತು. ಆಗತಾನೆ ಕಾರಿಳಿದ ಕುಟುಂಬವೊಂದು ಪಾಸ್‌ಪೋರ್ಟ್ ತೋರಿಸಿ, ನಮ್ಮ ಜೊತೆಗೇ ನಗುನಗುತ್ತ ಹಡಗು ಹತ್ತಿತು! ಹಾಗೆಂದು ತೀರಾ ತಡ ಮಾಡುವಂತೆಯೂ ಇಲ್ಲ. ಹಡಗು ಬಿಡುವುದಕ್ಕೆ ಸಾಕಷ್ಟು ಮೊದಲೇ ಬಾಗಿಲು ಮುಚ್ಚಿಬಿಡುತ್ತಾರೆ.

ಪ್ರವಾಸ ಮುಗಿಸಿ ಇಳಿದು ಬರುವಾಗ ಹೊರಗೆ ಮತ್ತೆ ಅಂಥದೇ ಸಾಲು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜ, ಗಡಿಯಾರ ನೋಡುತ್ತ. ಅವರ ಪಕ್ಕ ನಿಂತಿದ್ದ ಅಜ್ಜಿಯನ್ನು ನೋಡಿ ನನ್ನವಳು, "ಪಾಪ!" ಎಂದಳು.