ಚಾವಿ ಯಾರ ಕೈಯಾಗ ಅದ?

ಡೇಟಾ ಸೆಂಟರಿನ ರ‍್ಯಾಕ್ ಸರ್ವರಿಗೆ ರೂಮೇ ಕಾವಲು. ಟವರ್ ಸರ್ವರಿಗೆ ಆ ಭಾಗ್ಯ ಇಲ್ಲ. ಅದು ಬ್ಯಾಂಕಿನ ಮೂಲೆಯಲ್ಲೋ ಶಾಲೆಯ ಆಫೀಸಿನಲ್ಲೋ ಮೇಜಿನ ಕೆಳಗೆ ನಿಂತಿರುತ್ತೆ. ಹಾಗಾಗಿ ಕಾವಲನ್ನು ತನ್ನ ಮೈಮೇಲೇ ಹೊತ್ತಿರುತ್ತೆ: ಮುಂದಿನ ಬೆಜೆಲ್‌ಗೆ ಕೀಲಿ, ಪಕ್ಕದ ಮುಚ್ಚಳಕ್ಕೆ ಕೀಲಿ, ಹಿಂದೆ ಕೇಬಲ್ ಲಾಕಿಗೆ ಸಣ್ಣ ಕಿಂಡಿ, ಒಳಗೆ ಮುಚ್ಚಳ ತೆರೆದರೆ ಗುರುತು ಹಾಕಿಕೊಳ್ಳುವ ಸ್ವಿಚ್.

ಸ್ಪೆಕ್ ಶೀಟಿನಲ್ಲಿ ಇವೆಲ್ಲ ಬೇರೆ ಬೇರೆ ಫೀಚರ್. ನಿಜಕ್ಕೂ ಒಂದನ್ನೊಂದು ಹಿಡಿದುಕೊಂಡೇ ನಿಂತಿವೆ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿದೆವು ಅಂತ ಇಟ್ಕೊಳ್ಳಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಅದನ್ನು ಅಳಿಸಲು ಒಂದು ಜಂಪರ್ ಇರುತ್ತೆ. ಜಂಪರ್ ಇರೋದು ಮುಚ್ಚಳದ ಒಳಗೆ. ಮುಚ್ಚಳಕ್ಕೆ ಕೀಲಿ. ಅಂದರೆ ಆ ಉದ್ದನೆಯ ಪಾಸ್‌ವರ್ಡಿನ ಬಲವೆಲ್ಲ ಒಂದು ತಗಡಿನ ಚಾವಿಯ ಮೇಲೆ.

ನಮ್ಮ ನಾರಾಯಣಪುರದ ಕಡೆ ಒಂದು ಸಹಕಾರಿ ಸಂಘದಲ್ಲಿ ಆ ಚಾವಿ ಕೀಲಿಯಲ್ಲೇ ನೇತಾಡುತ್ತಿತ್ತು. ಊರ ರೈತರ ಸಾಲ, ಕಂತು ಎಲ್ಲ ಆ ಸರ್ವರಿನಲ್ಲಿ. ನಮ್ಮ ಮನೆಯ ಖಾತೆಯೂ. ಆನ್ ಮಾಡಿದರೆ ಮುಚ್ಚಳ ತೆರೆದಿದೆ ಅಂತ ಎಚ್ಚರಿಕೆ. ಆಪರೇಟರ್ ಹೇಳಿದರು, "ದಿನಾ ಬರ್ತದ್ರಿ, ಎಫ್1 ಒತ್ತಿದ್ರ ಹೋಗ್ತದ." ಸಂಘದ ಸದಸ್ಯರಾದ ನಮ್ಮ ಕಾಕಾ ನನ್ನ ಮುಖ ನೋಡಿದರು. "ಯಾರ್ ತೆಗದಾರಂತ ಅದು ಹೇಳಲ್ಲೇನು?" ಹೇಳಲ್ಲ ಕಾಕಾ. ತೆರೆದದ್ದು ಗೊತ್ತು, ತೆರೆದವರು ಗೊತ್ತಿಲ್ಲ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಈ ಪ್ರಶ್ನೆಗೆ ಉತ್ತರ ಹುಡುಕಿದ್ದರು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು; ತಾಲ್ಲೂಕು ಕಚೇರಿಯಲ್ಲಿ ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಬೆರಳಿಗೆ ಹೆಸರಿದೆ. ಚಾವಿಗೆ ಇಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಡಿಸ್ಕುಗಳು. ಹಾಟ್‌ಸ್ವಾಪ್ ಅಂದರೆ ಸ್ಕ್ರೂಡ್ರೈವರೂ ಬೇಡ, ಬೆಜೆಲ್ ತೆಗೆದು ಹಿಡಿ ಎಳೆದರೆ ಸಾಕು. ರೇಡ್ 1 ಇದ್ದರೆ ಎರಡು ಡಿಸ್ಕಿನಲ್ಲೂ ಒಂದೇ ಡೇಟಾ. ಒಂದನ್ನು ಯಾರಾದರೂ ಜೇಬಿಗೆ ಹಾಕ್ಕೊಂಡು ಹೋದರೆ ಸರ್ವರ್ ನಿಲ್ಲೋದೇ ಇಲ್ಲ, ಕೆಲಸ ಆರಾಮಾಗಿ ನಡೀತಿರುತ್ತೆ. ನಾವು ಕ್ಲಾಸಿನಲ್ಲಿ ಹೊಗಳುವ ಫಾಲ್ಟ್ ಟಾಲರೆನ್ಸ್ ಇಲ್ಲಿ ಕಳ್ಳನಿಗೂ ಅನುಕೂಲ. ಒಂದು ಹಳದಿ ದೀಪ ಮಿನುಗಬಹುದು, ಅಷ್ಟೇ. ಮೇಜಿನ ಕೆಳಗೆ ಅದನ್ನು ನೋಡೋರು ಯಾರು?

ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಕೀಯನ್ನು ಟಿಪಿಎಂ ಚಿಪ್‌ಗೆ ಒಪ್ಪಿಸಿದರೆ, ಕದ್ದ ಡಿಸ್ಕ್ ಬೇರೆ ಯಂತ್ರದಲ್ಲಿ ತೆರೆಯಲ್ಲ. ಆದರೆ ಇಡೀ ಡಬ್ಬವನ್ನೇ ಹೊತ್ತೊಯ್ದರೆ ಟಿಪಿಎಂ ಕೂಡ ಜೊತೆಗೇ ಹೋಯಿತು; ಪಿನ್ ಕೇಳುವಂತೆ ಮಾಡಿರದಿದ್ದರೆ ಅಲ್ಲೂ ಬೂಟ್ ಆಗುತ್ತೆ. ನಾವೆಲ್ಲ ನಗುವ ಆ ಕೇಬಲ್ ಲಾಕಿನ ಕಿಂಡಿಗೆ ಬೆಲೆ ಬರೋದು ಇಲ್ಲಿ. ಮದರ್‌ಬೋರ್ಡ್ ಸುಟ್ಟರೆ ಇನ್ನೊಂದು ತಾಪತ್ರಯ: ರಿಕವರಿ ಕೀ ಇಲ್ಲದಿದ್ದರೆ ನಮ್ಮ ಡೇಟಾ ನಮಗೇ ಸಿಗಲ್ಲ.

ಆ ಕೀಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ ಅಂದೆ. ಕಾಕಾ ತಕ್ಷಣ ಕೇಳಿದರು, "ತಿಜೋರಿ ಚಾವಿ ಯಾರ ಕೈಯಾಗ ಇರ್ಬೇಕು?"