ಸಿಕ್ಸ್ ಹೊಡೆದ್ರೆ ಔಟು

ಗಲ್ಲಿ ಕ್ರಿಕೆಟ್ಟಿನ ರೂಲ್ಸನ್ನ ಯಾರೂ ಬರೆದಿಟ್ಟಿಲ್ಲ. ಆದ್ರೂ ನಮ್ಮ ಕೇರೀಲಿ ಅವನ್ನ ಮೀರಿ ಆಡಿದವರನ್ನ ನಾನು ನೋಡಿಲ್ಲ.

ನಮ್ಮದು ನಂಬರ್ ಆಟ. ಟೀಮಿಲ್ಲ, ಟಾಸಿಲ್ಲ. ಎಷ್ಟು ಜನ ಇದ್ದಾರೋ ಅಷ್ಟು ಗೀಟು ಮಣ್ಣಲ್ಲಿ ಎಳೆದು, ಪ್ರತಿ ಗೀಟಿನ ತುದೀಲಿ ಒಂದು ನಂಬರ್ ಬರೆದು, ನಂಬರ್ ಕಾಣದ ಹಾಗೆ ಬ್ಯಾಟ್ ಮುಚ್ಚಿಡೋದು. ಒಬ್ಬೊಬ್ಬರು ಒಂದೊಂದು ಗೀಟು ಮುಟ್ಟಬೇಕು. ಬ್ಯಾಟ್ ಎತ್ತಿದಾಗ ಯಾರ ಸರದಿ ಯಾವಾಗ ಅಂತ ಗೊತ್ತಾಗುತ್ತೆ. ಊರೊಳಗೆ 'ಬ್ಯಾಟ್ ತಂದವನದೇ ಫಸ್ಟು' ಅನ್ನೋ ಜಮೀನ್ದಾರಿ ರೂಲಿತ್ತು. ನಮ್ಮಲ್ಲಿ ಅದು ನಡೀತಿರಲಿಲ್ಲ. ತೆಂಗಿನ ಮಟ್ಟೇಲಿ ಕೆತ್ತಿದ ಬ್ಯಾಟಿಗೆ ಯಾರು ಯಜಮಾನ?

ವಿಕೆಟ್ ಅಂದ್ರೆ ಗೋಡೆ ಮೇಲೆ ಇದ್ದಿಲಲ್ಲಿ ಎಳೆದ ಮೂರು ಗೀಟು. ಬೌಲ್ಡ್ ಆಯ್ತೋ ಇಲ್ವೋ ಅಂತ ಜಗಳ ಬಿದ್ರೆ ಚರಂಡಿ ತೀರ್ಪು ಕೊಡ್ತಿತ್ತು. ಅದರಲ್ಲಿ ಬಿದ್ದೆದ್ದು ಬಂದ ಒದ್ದೆ ಬಾಲು ಗೋಡೆ ಮೇಲೆ ಮುದ್ರೆ ಒತ್ತಿರುತ್ತಲ್ಲ! ಫಸ್ಟ್ ಬಾಲ್ ಟ್ರಯಲ್. ಒಂದು ಪಿಚ್ ಬಿದ್ದದ್ದನ್ನ ಒಂದೇ ಕೈಲಿ ಹಿಡಿದ್ರೂ ಕ್ಯಾಚು. ಎಲ್‌ಬಿಡಬ್ಲ್ಯೂ ಇಲ್ಲ. ಲೆಗ್ ಸೈಡಲ್ಲಿ ಮನೆ ಸಾಲು, ಅಲ್ಲಿ ಅವ್ವಂದಿರು ಪಾತ್ರೆ ತೊಳೀತಿರ್ತಾರೆ, ಹಾಗಾಗಿ ಆ ಕಡೆ ರನ್ನಿಲ್ಲ.

ಇವೆಲ್ಲ ಜಾಗದಿಂದ ಹುಟ್ಟಿದ ರೂಲ್ಸು. ಊರಿನ ಹುಡುಗರಿಗೆ ಗುಡಿ ಮುಂದಿನ ಬಯಲಿತ್ತು, ಎತ್ತಿ ಹೊಡೆದ್ರೆ ಸಿಕ್ಸು. ನಮ್ಮದು ಹತ್ತಡಿ ಗಲ್ಲಿ, ಎತ್ತಿ ಹೊಡೆದ್ರೆ ಬಾಲು ಊರವರ ಕಾಂಪೌಂಡಿಗೇ. ಅಲ್ಲಿಗೆ ಹೋದ್ರೆ ಔಟು. ಹೊಡೆದವನೇ ತರಬೇಕು ಅನ್ನೋ ರೂಲು ಎಲ್ಲಾ ಕಡೆ ಇರುತ್ತೆ, ಆದ್ರೆ ನಾವು ತರೋದು ಹೇಗೆ? ಗೇಟಿನ ಹೊರಗೆ ನಿಂತು 'ಅಕ್ಕಾ, ಬಾಲು' ಅಂತ ಕೂಗಬೇಕು. ಮನಸ್ಸು ಬಂದ್ರೆ ಎಸೀತಾರೆ. ಎಷ್ಟು ಚೆನ್ನಾಗಿ ಬ್ಯಾಟ್ ಬೀಸೋ ಹುಡುಗರು ಬಾಲನ್ನ ನೆಲಕ್ಕೇ ತಟ್ಟಿ ತಟ್ಟಿ ಆಡೋದು ಕಲಿತರು! ಕೋಚಿಂಗ್ ಕೊಡೋರಿಗೆ ಇದು ಒಳ್ಳೇ ಡಿಫೆನ್ಸ್ ಅನ್ನಿಸಬಹುದು.

ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ನೆನಪಾಗ್ತಾರೆ. ಚಮ್ಮಾರ ಜಾತಿಯ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಹಿಂದೂ ತಂಡದವರು ಅವರು ಮುಟ್ಟಿದ ಬಾಲನ್ನ ಮುಟ್ಟುತ್ತಿದ್ದರು, ಟೀ ವೇಳೇಲಿ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಲೋಟದಲ್ಲಿ ಚಹಾ. ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು. ಬೌಂಡರಿ ಗೆರೆ ಒಳಗೊಂದು ರೂಲು, ದಾಟಿದ್ರೆ ಇನ್ನೊಂದು.

ಈಗ ಸಂಜೆ ಅಂಬೇಡ್ಕರ್ ಭವನದಲ್ಲಿ ಟ್ಯೂಷನ್ ಮುಗಿಸಿ ಮಕ್ಕಳು ಅದೇ ಗಲ್ಲೀಲಿ ಆಡ್ತಾರೆ. ಹೆಣ್ಮಕ್ಕಳೂ ಗೀಟು ಮುಟ್ಟುತ್ತಾರೆ, ಅದೊಂದು ಹೊಸದು. ಔಟ್ ರೂಲು ಮಾತ್ರ ಹಳೇದೇ. "ಅದನ್ನ ಯಾಕಿಟ್ಕೊಂಡಿದ್ದೀರ, ತೆಗೀರಿ" ಅಂದೆ. ಒಬ್ಬ ಚಿಕ್ಕವನು ತಟ್ಟನೆ ಕೇಳಿದ: "ದಿನಾ ಹೊಸ ಬಾಲು ನೀವು ಕೊಡಿಸ್ತೀರಾ ಅಣ್ಣ?"

ನ್ಯಾಯವಾದ ಪ್ರಶ್ನೆ. ಕೂತು ಚರ್ಚೆ ಮಾಡಿದ್ರು, ಕೈ ಎತ್ತಿಸಿದ್ರು. 13 ಮಕ್ಕಳಲ್ಲಿ 9 ಜನ ರೂಲು ತೆಗೆಯೋ ಕಡೆ. ಬದಲಿಗೆ ಬಂದ ಹೊಸ ರೂಲು: ಬಾಲು ಆ ಕಡೆ ಹೋದ್ರೆ ಸಿಕ್ಸು, ಆಮೇಲೆ ಆಡ್ತಿರೋರೆಲ್ಲ ಒಟ್ಟಿಗೇ ಹೋಗಿ ಬೆಲ್ ಒತ್ತಬೇಕು. ಕೂಗೋ ಹಾಗಿಲ್ಲ.

ಮೊನ್ನೆ ಭಾನುವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎತ್ತಿ ಹೊಡೆದಳು. 13 ಜನಾನೂ ಹೋಗಿ ಗೇಟಿನ ಮುಂದೆ ನಿಂತರು. ಎರಡು ಸಲ ಬೆಲ್ಲಾಯ್ತು. ಬಾಲು ಬಂತು, ಕೈಗಲ್ಲ, ಗೇಟಿನ ಮೇಲಿಂದ. ಅವಳ ಸ್ಕೋರು 26 ಅಂತ ಕೂಗಿ ಆಟ ಮುಂದುವರಿಸಿದ್ರು.

ಜೈಭೀಮ್.