ಗರಿಯ ನೊಣ

ಅಂಗೈಯ ಮೇಲಿಟ್ಟರೆ ಅದರ ಭಾರವೇ ತಿಳಿಯದು. ಅರ್ಧ ಅಂಗುಲದಷ್ಟು ಉದ್ದದ ಒಂದು ಗಾಳ. ಅದರ ಬೆನ್ನಿಗೆ ಸುತ್ತಿದ ಮೊಲದ ಕಿವಿಯ ತುಪ್ಪುಳ. ಆ ತುಪ್ಪುಳದ ಮೇಲೆ ಸುರುಳಿಯಾಗಿ ಹಾದುಹೋದ ಹೊನ್ನಿನ ಬಣ್ಣದ ತೆಳುತಂತಿ. ಕೊರಳಿನ ಬಳಿ ಕೆದರಿ ನಿಂತ ನಾಲ್ಕಾರು ಎಳೆಗಳು. ನೋಡಿದವರು ಕಸವೆಂದು ಊದಿ ಹಾರಿಸಿಬಿಟ್ಟರೂ ಆಶ್ಚರ್ಯವಿಲ್ಲ. ಆದರೆ ಇದನ್ನೇ ತಿಳಿನೀರಿನ ಹೊಳೆಯಲ್ಲಿ ತೇಲಿಬಿಟ್ಟರೆ, ಕಲ್ಲಿನ ಮರೆಯಲ್ಲಿ ಹೊಂಚಿ ನಿಂತ ಟ್ರೌಟ್ ಮೀನು ಮೇಲೆದ್ದು ಬಂದು ಬಾಯಿ ತೆರೆಯುತ್ತದೆ. ಇದು ಮನುಷ್ಯನು ಕಟ್ಟಿದ ನೊಣ. ಹೊಟ್ಟೆ ತುಂಬಿಸದ ಆಹಾರ, ಹಾರಲಾರದ ಕೀಟ; ಮೀನಿನ ಕಣ್ಣಿಗೆ ಮಾತ್ರ ಅದು ನಿಜ, ಅದೂ ಒಂದು ಕ್ಷಣದ ಮಟ್ಟಿಗೆ. ಆ ಒಂದು ಕ್ಷಣಕ್ಕಾಗಿ ಮನುಷ್ಯನು ಸುಮಾರು ಸಾವಿರದ ಎಂಟುನೂರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾನೆ.

ಎರೆಹುಳುವನ್ನು ಗಾಳಕ್ಕೆ ಚುಚ್ಚಿ ಕೆರೆಯ ದಂಡೆಯಲ್ಲಿ ಕಾದು ಕೂರುವುದನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಅಲ್ಲಿ ಗಾಳಕ್ಕೆ ಕಟ್ಟಿದ ಭಾರವೇ ದಾರವನ್ನು ಎಳೆದುಕೊಂಡು ಹೋಗಿ ನೀರಿಗೆ ಬೀಳುತ್ತದೆ. ನೊಣದ ಗಾಳದಲ್ಲಿ ಎಲ್ಲವೂ ತಲೆಕೆಳಗು. ನೊಣಕ್ಕೆ ಭಾರವಿಲ್ಲ, ಆದುದರಿಂದ ದಾರವನ್ನೇ ಭಾರವಾಗಿ ಮಾಡಿ, ಬಾಗಿ ಬಳುಕುವ ಕೋಲಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಸಾಗುವ ಆ ದಾರದ ತುದಿಯಲ್ಲಿ ನೊಣವನ್ನು ಕಳುಹಿಸಬೇಕು. ದಾರಕ್ಕೂ ನೊಣಕ್ಕೂ ನಡುವೆ ಕಣ್ಣಿಗೆ ಕಂಡೂ ಕಾಣದಂತಹ ತೆಳುವಾದ ಎಳೆಯೊಂದಿರುತ್ತದೆ. ಹಿಂದೆ ಅದನ್ನು ರೇಷ್ಮೆಹುಳುವಿನ ರೇಷ್ಮೆಗ್ರಂಥಿಯಿಂದ ಎಳೆದು ಮಾಡುತ್ತಿದ್ದರು, ಈಗ ನೈಲಾನಿನದು.

ಈ ಉಪಾಯದ ಮೊದಲ ಸ್ಪಷ್ಟ ವರ್ಣನೆ ದೊರೆಯುವುದು ಈಲಿಯನ್ ಎಂಬ ರೋಮನ್ ಲೇಖಕನ ಗ್ರೀಕ್ ಗ್ರಂಥದಲ್ಲಿ. ಕ್ರಿಸ್ತಶಕ 200ರ ಸುಮಾರಿಗೆ ಪ್ರಾಣಿಗಳ ಸ್ವಭಾವವನ್ನು ಕುರಿತು ಬರೆದ ಆತ, ಮ್ಯಾಸಿಡೋನಿಯದ ಆಸ್ಟ್ರೇಯಸ್ ಎಂಬ ನದಿಯಲ್ಲಿ ಚುಕ್ಕೆ ಮೈಯ ಮೀನುಗಳಿವೆಯೆಂದೂ, ನೀರಿನ ಮೇಲೆ ಹಾರಾಡುವ ಒಂದು ಜಾತಿಯ ನೊಣ ಅವುಗಳ ಆಹಾರವೆಂದೂ ಹೇಳುತ್ತಾನೆ. ಅಲ್ಲಿನ ಬೆಸ್ತರು ಆ ನೊಣವನ್ನೇ ಹಿಡಿದು ಗಾಳಕ್ಕೆ ಚುಚ್ಚುತ್ತಿರಲಿಲ್ಲ. ಏಕೆಂದರೆ ಮನುಷ್ಯನ ಕೈ ಸೋಕಿದೊಡನೆ ಅದರ ಬಣ್ಣ ಮಾಸಿ, ರೆಕ್ಕೆ ಮುದುಡಿಹೋಗುತ್ತಿತ್ತು. ಆದಕಾರಣ ಅವರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ, ಆರು ಅಡಿಯ ಕೋಲಿಗೆ ಆರು ಅಡಿಯ ದಾರವನ್ನು ಬಿಗಿದು ಮೀನು ಹಿಡಿಯುತ್ತಿದ್ದರಂತೆ. ನಿಜವಾದ ವಸ್ತು ಕೈಗೆ ನಿಲ್ಲದೆ ಹೋದಾಗ ಅದರ ಸೋಗನ್ನು ಹಾಕಿದ ಆ ಅಜ್ಞಾತ ಬೆಸ್ತನ ಬುದ್ಧಿಯನ್ನು ಮೆಚ್ಚಲೇಬೇಕು. ಉಣ್ಣೆ, ಗರಿ, ದಾರ ಎಂಬ ಅವನ ಸಾಮಗ್ರಿಗಳು ಇಂದಿಗೂ ಬದಲಾಗಿಲ್ಲ.

ಟ್ರೌಟ್ ಮೀನಿನ ಮೆಚ್ಚಿನ ಆಹಾರಗಳಲ್ಲಿ ಮೇಫ್ಲೈ ಎಂಬ ಕೀಟವೂ ಒಂದು. ಅದರ ಬಾಳು ವಿಚಿತ್ರವಾದುದು. ದೊಡ್ಡ ಜಾತಿಯ ಮೇಫ್ಲೈ ಎರಡು ವರ್ಷಗಳಷ್ಟು ಕಾಲ ಹೊಳೆಯ ತಳದ ಹೂಳಿನಲ್ಲಿ ಮರಿಯಾಗಿ ಬೆಳೆಯುತ್ತದೆ. ಬೇಸಗೆಯ ಆರಂಭದ ಒಂದು ದಿನ ಮೇಲಕ್ಕೆ ಈಜಿ ಬಂದು, ನೀರಿನ ಮೈಮೇಲೆಯೇ ಪೊರೆ ಬಿಚ್ಚಿ, ಮಸುಕು ರೆಕ್ಕೆಗಳನ್ನು ಹಾಯಿಯಂತೆ ನಿಲ್ಲಿಸಿ ಗಾಳಿಗೆ ಏರುತ್ತದೆ. ಬಳಿಕ ಗಿಡಮರಗಳ ಮರೆಯಲ್ಲಿ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಮೂಡಿದ ಮೇಲೂ ಪೊರೆ ಬಿಡುವ ಕೀಟಕುಲ ಇದೊಂದೇ. ಈಗ ಅದರ ರೆಕ್ಕೆ ಗಾಜಿನಂತೆ ಹೊಳೆಯುತ್ತದೆ. ಆದರೆ ಉಣ್ಣಲು ಬಾಯಿಲ್ಲ. ಒಂದೆರಡು ದಿನಗಳಲ್ಲಿ ಜೊತೆಗೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಬಿದ್ದು ಸಾಯುತ್ತದೆ. ಮರಿ, ಮಸುಕು ರೆಕ್ಕೆಯ ನೊಣ, ಹೊಳೆವ ರೆಕ್ಕೆಯ ನೊಣ, ತೇಲುವ ಹೆಣ: ಮೀನಿಗೆ ಇವು ನಾಲ್ಕು ಬೇರೆ ಬೇರೆ ಊಟಗಳು. ಒಂದನ್ನು ತಿನ್ನುವ ಹೊತ್ತಿನಲ್ಲಿ ಇನ್ನೊಂದನ್ನು ಅದು ಕಣ್ಣೆತ್ತಿಯೂ ನೋಡದಿರುವುದುಂಟು. ಕಟ್ಟುವವನ ಕಷ್ಟವೆಲ್ಲ ಇಲ್ಲಿಂದ ಮೊದಲಾಗುತ್ತದೆ.

ಕಟ್ಟುವ ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚಿನದೇನಲ್ಲ. ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸಿನ ಬಾಯಲ್ಲಿ ಗಾಳವನ್ನು ಸಿಕ್ಕಿಸುತ್ತಾರೆ. ಜೇನುಮೇಣ ಸವರಿದ ರೇಷ್ಮೆದಾರವನ್ನು ಗಾಳದ ಕಣ್ಣಿನ ಬಳಿಯಿಂದ ಬಾಗಿನವರೆಗೆ ಒತ್ತೊತ್ತಾಗಿ ಸುತ್ತುತ್ತಾರೆ. ಬರಿಯ ಉಕ್ಕಿನ ಮೇಲೆ ಏನೂ ನಿಲ್ಲದು. ಈ ಸುತ್ತು ಮನೆಗೆ ಅಡಿಪಾಯವಿದ್ದಂತೆ. ಅನಂತರ ಬಾಲಕ್ಕೆಂದು ಗರಿಯ ಮೂರು ನಾಲ್ಕು ಎಳೆಗಳು. ಮೈಗೆಂದು ಚಿಟಿಕೆ ತುಪ್ಪುಳವನ್ನು ಮೇಣದ ದಾರಕ್ಕೆ ಅಂಟಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು, ಹತ್ತಿಯ ಬತ್ತಿಯಂತೆ ಮಾಡಿ, ಹಿಂದಿನಿಂದ ಮುಂದಕ್ಕೆ ಸುತ್ತುವುದು. ಇಲ್ಲಿ ಹೊಸಬರ ಕೈ ಯಾವಾಗಲೂ ಧಾರಾಳ. ನಿಜವಾದ ಕೀಟದ ಮೈ ಎಷ್ಟು ಸಣಕಲೆಂಬುದನ್ನು ಮರೆತು ಅವರು ತುಪ್ಪುಳವನ್ನು ಪೇರಿಸುತ್ತಾರೆ. ನೊಣ ಹೋಗಿ ಕಂಬಳಿಹುಳುವಾಗುತ್ತದೆ.

ಕೊನೆಯದು ಕೊರಳಿನ ಗರಿ. ಹುಂಜದ ಕುತ್ತಿಗೆಯ ನೀಳವಾದ ಗರಿಯೊಂದನ್ನು ಅಂಚಾಗಿ ನಿಲ್ಲಿಸಿ ಗಾಳದ ಸುತ್ತ ಸುತ್ತಿದಾಗ, ಅದರ ಎಳೆಗಳು ಗಾಲಿಯ ಅರೆಕಾಲುಗಳಂತೆ ಸುತ್ತಲೂ ಸೆಟೆದು ನಿಲ್ಲುತ್ತವೆ. ನೀರಿನ ಮೈಗೆ ತೆಳುವಾದ ಪೊರೆಯಂತಹ ಒಂದು ಬಿಗಿಯುಂಟಷ್ಟೆ. ಈ ಎಳೆಗಳ ತುದಿಗಳು ಅದನ್ನು ಹರಿಯದೆ ಅದರ ಮೇಲೆ ಕಾಲೂರುತ್ತವೆ. ಉಕ್ಕಿನ ಗಾಳವು ಮುಳುಗದೆ ತೇಲುವುದು ಹೀಗೆ. ತೇಲುವ ನೊಣಕ್ಕೆ ಹುಂಜದ ಗಡಸು ಗರಿಯೇ ಆಗಬೇಕು. ಮುಳುಗುವ ನೊಣಕ್ಕೆ ಹೇಂಟೆಯ ಗರಿ ಒಳ್ಳೆಯದು, ಅದರ ಮೆತ್ತನೆಯ ಎಳೆಗಳು ನೀರಿನೊಳಗೆ ಜೀವವಿರುವಂತೆ ಮಿಡುಕುತ್ತವೆ. ಜಿಂಕೆಯ ಕೂದಲು ಒಳಗೆ ಟೊಳ್ಳಾದುದರಿಂದ ತೇಲುತ್ತದೆ. ಬಾತುಕೋಳಿಯ ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯ ಸುತ್ತಣ ಪುಕ್ಕವೂ ಹಾಗೆಯೇ ನೀರಿಗೆ ನೆನೆಯದು. ಕಡೆಗೆ ತಲೆಯ ಬಳಿ ದಾರವನ್ನು ಅದರದೇ ಸುತ್ತುಗಳ ಅಡಿಗೆ ಎಳೆದು ಗಂಟು ಹಾಕಿ, ಒಂದು ಹನಿ ವಾರ್ನಿಷ್ ಮುಟ್ಟಿಸಿದರೆ ನೊಣ ಸಿದ್ಧ.

ನೂರು ಬಗೆಯ ನೊಣಗಳ ಪೆಟ್ಟಿಗೆಯನ್ನು ತೆರೆದು ಹೊಳೆಯ ದಂಡೆಯಲ್ಲಿ ನಿಂತವನು ಯಾವುದನ್ನು ಆರಿಸಬೇಕು? ಬಲ್ಲವರು ಪೆಟ್ಟಿಗೆಯನ್ನು ಒಡನೆ ತೆರೆಯುವುದೇ ಇಲ್ಲ. ಅವರು ಮೊದಲು ನೀರಿನೊಳಗಿನ ಕಲ್ಲೊಂದನ್ನು ಮಗುಚಿ ಅದರ ಅಡಿಯಲ್ಲಿ ಅಂಟಿಕೊಂಡ ಮರಿಗಳನ್ನು ನೋಡುತ್ತಾರೆ. ಜೇಡರ ಬಲೆಯಲ್ಲಿ ಸಿಕ್ಕಿದ ರೆಕ್ಕೆಗಳನ್ನು ನೋಡುತ್ತಾರೆ. ಮೀನು ಸಿಡಿದೆದ್ದು ನುಂಗುತ್ತಿದೆಯೋ ಸದ್ದಿಲ್ಲದೆ ಹೀರುತ್ತಿದೆಯೋ ಎಂದು ಕಾಯುತ್ತಾರೆ. ಸದ್ದಿಲ್ಲದ ಸಣ್ಣ ಉಂಗುರವೆದ್ದರೆ ಹಾರಿ ತಪ್ಪಿಸಿಕೊಳ್ಳಲಾರದ ಸತ್ತ ನೊಣವನ್ನು ಅದು ತಿನ್ನುತ್ತಿರುವ ಸಂಭವ ಹೆಚ್ಚು. ಗಾತ್ರ ಮೊದಲು, ಆಕಾರ ಬಳಿಕ, ಬಣ್ಣ ಕಡೆಗೆ ಎಂಬುದು ಅನುಭವಿಗಳಲ್ಲಿ ಅನೇಕರ ಮತ. ಅಂಗಡಿಯಲ್ಲಿ ಕೊಳ್ಳುವವನು ಮಾತ್ರ ಬಣ್ಣವನ್ನೇ ಮೊದಲು ನೋಡುತ್ತಾನೆ; ಆದುದರಿಂದಲೇ ಎಷ್ಟೋ ನೊಣಗಳು ಮೀನಿಗಿಂತ ಮೊದಲು ಮನುಷ್ಯನನ್ನು ಹಿಡಿಯುತ್ತವೆ.

ಮೀನಿಗೆ ಕಾಣುವ ಲೋಕವೇ ಬೇರೆ. ಬೆಳಕು ನೀರನ್ನು ಹೊಕ್ಕಾಗ ಬಾಗುವುದರಿಂದ, ಹೊರಗಿನ ಇಡೀ ಲೋಕ ಮೀನಿನ ತಲೆಯ ಮೇಲೆ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯೊಳಗೆ ಅಡಕವಾಗುತ್ತದೆ. ಆ ಕಿಟಕಿಯ ಆಚೆಗೆ ನೀರಿನ ಮೈ ಒಂದು ಕನ್ನಡಿ. ಅದರಲ್ಲಿ ಹೊಳೆಯ ತಳವೇ ಪ್ರತಿಬಿಂಬಿಸುತ್ತದೆ. ತೇಲಿಬರುವ ನೊಣದ ಮೈ ಮೀನಿಗೆ ಮೊದಲು ಕಾಣುವುದಿಲ್ಲ. ಅದರ ಕಾಲುಗಳು ಕನ್ನಡಿಯನ್ನು ಒತ್ತಿದ ಕುಳಿಗಳು ಮಾತ್ರ ಬೆಳಕಿನ ಚುಕ್ಕೆಗಳಾಗಿ ಮಿನುಗುತ್ತವೆ. ಕಿಟಕಿಯ ಅಂಚಿಗೆ ಬಂದಾಗ ರೆಕ್ಕೆ, ಒಳಗೆ ಬಂದಾಗ ಮೈ. ಕಟ್ಟುವವನು ಇದೆಲ್ಲವನ್ನೂ ಮೇಲಿನಿಂದ ಊಹಿಸಿಕೊಂಡು ಕೆಲಸ ಮಾಡಬೇಕು.

ಊಹೆಯಿದ್ದಲ್ಲಿ ಜಗಳ ತಪ್ಪದು. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಟೆಸ್ಟ್, ಇಚೆನ್ ಎಂಬ ಹೊಳೆಗಳು ಸುಣ್ಣದ ನೆಲದಿಂದ ಹುಟ್ಟಿ ಸ್ಫಟಿಕದಂತೆ ತಿಳಿಯಾಗಿ ಹರಿಯುತ್ತವೆ. ಅಲ್ಲಿ ಫ್ರೆಡರಿಕ್ ಹಾಲ್ಫರ್ಡ್ ಎಂಬಾತ 1886ರಲ್ಲಿ ತೇಲುವ ನೊಣಗಳನ್ನು ಕಟ್ಟುವ ವಿಧಾನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಮೇಲೆದ್ದು ತಿನ್ನುತ್ತಿರುವ ಮೀನಿಗೆ ಮಾತ್ರ, ಅದು ತಿನ್ನುತ್ತಿರುವ ಕೀಟದ ಪ್ರತಿರೂಪವನ್ನೇ ತೇಲಿಬಿಡಬೇಕು ಎಂಬುದು ಅವನ ಪಂಥದ ನಿಯಮವಾಯಿತು. ಮುಳುಗುವ ನೊಣವನ್ನು ಬಳಸುವವನು ಸಭ್ಯನಲ್ಲವೆಂಬ ಭಾವನೆಯೂ ಹಬ್ಬಿತು. ವೃತ್ತಿಯಲ್ಲಿ ವಕೀಲರಾಗಿದ್ದ ಜಿ. ಇ. ಎಂ. ಸ್ಕೂಸ್ ಇದನ್ನು ಒಪ್ಪಲಿಲ್ಲ. ಅವರು ಹಿಡಿದ ಮೀನಿನ ಹೊಟ್ಟೆಯಲ್ಲಿದ್ದುದನ್ನು ನೀಳವಾದ ಚಮಚದಿಂದ ತೆಗೆದು, ಬಿಳಿಯ ಬಟ್ಟಲಿನ ನೀರಿನಲ್ಲಿ ಬಿಡಿಸಿ ನೋಡುತ್ತಿದ್ದರು. ರೆಕ್ಕೆಯಿಲ್ಲದ ಮರಿಗಳೇ ಅದರಲ್ಲಿ ತುಂಬಿರುತ್ತಿದ್ದವು. ಮೀನು ಬಹುಪಾಲು ಉಣ್ಣುವುದು ನೀರಿನೊಳಗೆ ಎಂದಮೇಲೆ ಮರಿಯ ರೂಪವನ್ನು ಕಟ್ಟುವುದರಲ್ಲಿ ಅಧರ್ಮವೇನು? 1910ರ ತಮ್ಮ ಪುಸ್ತಕದಲ್ಲಿ ಅವರು ಮುಳುಗುವ ನೊಣದ ಪರವಾಗಿ ವಾದಿಸಿದರು. ಜಗಳ ಆರಲಿಲ್ಲ. ಎಂಬತ್ತರ ಹತ್ತಿರ ಬಂದಿದ್ದ ಸ್ಕೂಸ್ 1938ರಲ್ಲಿಯೂ ಲಂಡನ್ನಿನ ಗಾಳಗಾರರ ಸಂಘದ ಚರ್ಚೆಯಲ್ಲಿ ಇದಕ್ಕೆ ಉತ್ತರ ಕೊಡಬೇಕಾಯಿತು. ಚಮಚ ಹಿಡಿದು ನೋಡಿದವರ ಮಾತನ್ನು ನಿಯಮ ಹಿಡಿದು ಕುಳಿತವರು ಕೇಳುವುದು ಯಾವ ಕಾಲಕ್ಕೂ ಕಷ್ಟವೇ.

ಈ ವಿವಾದಕ್ಕೆ ಗ್ರಂಥಗಳಿಗಿಂತ ಮಿಗಿಲಾದ ಉತ್ತರವನ್ನು ಕೊಟ್ಟವನು ವಿಲ್ಟ್‌ಷೈರಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್. ದಿನವಿಡೀ ಹೊಳೆಯ ಪಕ್ಕದಲ್ಲಿಯೇ ಇರುತ್ತಿದ್ದ ಆತನಿಗೆ ಮೇಫ್ಲೈ ಕುಲದ ಈಜುವ ಮರಿಗಳು ಕಾಲುಗಳನ್ನು ಮೈಗೆ ಒತ್ತಿಕೊಂಡು ಈಜುವುದು ಕಣ್ಣಿಗೆ ಬಿತ್ತು. ಹಾಗಿದ್ದಮೇಲೆ ಕಾಲಿನ ಗರಿ ಏಕೆ? ಅದನ್ನು ಬಿಟ್ಟನು. ದಾರವನ್ನೂ ಬಿಟ್ಟನು; ಅದರ ಬದಲು ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸುತ್ತಿದನು. ಅದು ಕಟ್ಟಿಗೂ ಆಯಿತು, ಮುಳುಗಿಸುವ ಭಾರಕ್ಕೂ ಆಯಿತು, ಮೈಯ ಹೊಳಪಿಗೂ ಆಯಿತು. ಮೇಲೆ ಫೆಸೆಂಟ್ ಹಕ್ಕಿಯ ಬಾಲದ ಗರಿಯ ಕೆಲವು ಕಂದು ಎಳೆಗಳು. ಅಷ್ಟೇ. ಎರಡೇ ಸಾಮಗ್ರಿಗಳ ಈ ನೊಣ ಇಂದು ಟ್ರೌಟ್ ಮೀನಿರುವ ದೇಶಗಳಲ್ಲೆಲ್ಲ ಬಳಕೆಯಲ್ಲಿದೆ. 1958ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ ಸಾಯರ್, 1980ರಲ್ಲಿ ಅದೇ ಏವನ್ ದಂಡೆಯ ಮೇಲೆ ಕೊನೆಯುಸಿರೆಳೆದನು.

ಸಾಲ್ಮನ್ ಮೀನಿನ ಕಥೆ ಇದಕ್ಕೆ ತೀರ ವಿರುದ್ಧವಾದುದು. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಹಿಂದಿರುಗುವ ಆ ಮೀನು ಹೊಳೆಯನ್ನು ಹೊಕ್ಕ ಮೇಲೆ ಏನನ್ನೂ ತಿನ್ನುವುದಿಲ್ಲ. ಆದರೂ ನೊಣವನ್ನು ಕಚ್ಚುತ್ತದೆ. ಯಾವ ಕೀಟವನ್ನೂ ಹೋಲಬೇಕಾಗಿಲ್ಲವಾದ ಮೇಲೆ ಕಟ್ಟುವವರ ಕಲ್ಪನೆಗೆ ಕಡಿವಾಣವೇ ಇಲ್ಲವಾಯಿತು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಒಂದೊಂದು ನೊಣಕ್ಕೂ ಹತ್ತಾರು ಹಕ್ಕಿಗಳ ಗರಿ ಬೇಕಾಯಿತು: ದಕ್ಷಿಣ ಅಮೆರಿಕದ ಟೂಕನ್, ನೀಲಿಯ ಕೊಟಿಂಗಾ, ಚೀನದ ಹೊಂಬಣ್ಣದ ಫೆಸೆಂಟ್, ಭಾರತದ ನವಿಲು. ಪಶ್ಚಿಮಘಟ್ಟದ ಕಾಡುಗಳಲ್ಲಿ, ಕರ್ನಾಟಕದ ಮಲೆನಾಡಿನಲ್ಲಿ ಮುಂಜಾವದಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯೂ ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಅದರ ಹುಂಜದ ಕುತ್ತಿಗೆಯ ಗರಿಗಳಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿವೆ. ನೊಣದ ಎರಡು ಪಕ್ಕಕ್ಕೆ ಅವನ್ನು ಕಟ್ಟಿದರೆ ಕಣ್ಣುಗಳಿದ್ದಂತೆ ತೋರುತ್ತದೆ. ಆ ಚುಕ್ಕೆಗಳಿಗಾಗಿ ಅದೆಷ್ಟೋ ಕಾಡುಕೋಳಿಗಳ ಕುತ್ತಿಗೆಯ ಚರ್ಮ ಹಡಗನ್ನೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂದು ಆ ಹಕ್ಕಿಗೆ ರಕ್ಷಣೆಯನ್ನು ಕೊಟ್ಟಿದೆ. ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳಿಂದಲೋ ಬಣ್ಣ ಹಾಕಿದ ಗರಿಗಳಿಂದಲೋ ಈಗ ಕೆಲಸ ಸಾಗಿಸುತ್ತಾರೆ.

ಎಲ್ಲರೂ ಹಾಗೆ ತೃಪ್ತರಾಗುವುದಿಲ್ಲ. 2009ರ ಜೂನ್ ತಿಂಗಳ ಒಂದು ರಾತ್ರಿ, ಸಂಗೀತ ಕಲಿಯುತ್ತಿದ್ದ ಯುವಕನೊಬ್ಬ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನಲ್ಲಿರುವ ನಿಸರ್ಗ ಇತಿಹಾಸ ಸಂಗ್ರಹಾಲಯದ ಕಿಟಕಿಯಿಂದ ನುಗ್ಗಿ, 299 ಹಕ್ಕಿಗಳ ಒಣಗಿಸಿದ ಚರ್ಮಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದನು. ಅವನು ನೊಣ ಕಟ್ಟುವುದರಲ್ಲಿ ನಿಪುಣ. ಕದ್ದವುಗಳಲ್ಲಿ ಕೆಲವು, ವಿಕಾಸವಾದವನ್ನು ಡಾರ್ವಿನ್ನನಷ್ಟೇ ಸ್ವತಂತ್ರವಾಗಿ ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೇಸ್ ದೂರದ ದ್ವೀಪಗಳಲ್ಲಿ ಸಂಗ್ರಹಿಸಿದವು. ಕಳ್ಳ ಮರುವರ್ಷ ಸಿಕ್ಕಿಬಿದ್ದನು. ಆದರೆ ಅಷ್ಟರಲ್ಲಿ ಎಷ್ಟೋ ಚರ್ಮಗಳಿಂದ ಗರಿ ಕಿತ್ತು ಮಾರಾಟವಾಗಿತ್ತು. ಉಳಿದ ಅನೇಕವುಗಳ ಕಾಲಿಗೆ ಕಟ್ಟಿದ್ದ ಚೀಟಿಗಳು ಕಾಣೆಯಾಗಿದ್ದವು. ಎಲ್ಲಿ, ಯಾವಾಗ ಹಿಡಿದದ್ದೆಂಬ ಚೀಟಿಯಿಲ್ಲದ ಹಕ್ಕಿ ವಿಜ್ಞಾನಿಗೆ ಬರಿಯ ಗರಿಯ ಮುದ್ದೆ. ವಿಚಿತ್ರವೆಂದರೆ ಈ ಗರಿಗಳನ್ನು ಕೊಂಡವರಲ್ಲಿ ಅನೇಕರು ಗಾಳ ಹಿಡಿದು ಹೊಳೆಗೆ ಇಳಿಯುವವರೇ ಅಲ್ಲ; ಅವರ ನೊಣಗಳು ಗಾಜಿನ ಚೌಕಟ್ಟಿನೊಳಗೆ ಕೂರುವಂಥವು.

ಮೀನು ಹಿಡಿಯದೆ ನೊಣ ಕಟ್ಟಿದವರಲ್ಲಿ ಇನ್ನೊಂದು ಬಗೆಯವರೂ ಉಂಟು. ಸ್ಕಾಟ್ಲೆಂಡಿನ ಉತ್ತರ ಭಾಗದ ಪೂರ್ವ ಕಡಲತೀರದಲ್ಲಿ, ಬ್ರೋರಾ ಎಂಬ ಊರಿನ ಬಳಿ ಮೇಗನ್ ಬಾಯ್ಡ್ ಎಂಬ ಮಹಿಳೆಯಿದ್ದರು. 1915ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಬೇಟೆಗಾಡಿನ ಕಾವಲುಗಾರರೊಬ್ಬರು ಈ ವಿದ್ಯೆಯನ್ನು ಕಲಿಸಿದರು. ಹಳೆಯ ನೊಣವನ್ನು ಎಳೆಯೆಳೆಯಾಗಿ ಬಿಚ್ಚಿ, ಅದನ್ನೇ ಇನ್ನೂ ಸಣ್ಣ ಗಾಳದ ಮೇಲೆ ಮತ್ತೆ ಕಟ್ಟಬೇಕು ಎಂಬುದೇ ಪಾಠ. ಮುಂದೆ ಅರ್ಧ ಶತಮಾನದಷ್ಟು ಕಾಲ ತಗಡಿನ ಗುಡಿಸಲೊಂದರ ಕಿಟಕಿಯ ಬಳಿ ಕುಳಿತು ಅವರು ನೊಣ ಕಟ್ಟಿದರು. ರಾಜಕುಮಾರ ಚಾರ್ಲ್ಸ್ ಕೂಡ ಅವರ ಗಿರಾಕಿ. 1971ರಲ್ಲಿ ಬ್ರಿಟಿಷ್ ಸರ್ಕಾರದ ಪದಕ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಅರಮನೆಗೆ ಹೋಗದೆ ಉಳಿದರು. ಕಣ್ಣಿನ ದೃಷ್ಟಿ ಕುಂದುತ್ತ ಬಂದು 1988ರ ಸುಮಾರಿಗೆ ಕೆಲಸವನ್ನು ನಿಲ್ಲಿಸಿ, 2001ರಲ್ಲಿ ತೀರಿಕೊಂಡರು. ಅವರ ನೊಣಗಳು ಹಿಡಿದ ಸಾಲ್ಮನ್ ಮೀನುಗಳಿಗೆ ಲೆಕ್ಕವಿಲ್ಲ. ಅವರು ಮಾತ್ರ ಗಾಳ ಹಾಕಿದವರಲ್ಲ. ಮೀನನ್ನು ಕೊಲ್ಲುವುದು ಅವರಿಗೆ ಹಿಡಿಸುತ್ತಿರಲಿಲ್ಲ.